ಹಗೇವಿಗೆ ಇಳಿಬಿಟ್ಟ ದೀಪ

ನನ್ನ ಮಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆತ ತೀರಿಕೊಂಡ ಮೇಲಾದರೂ ಇಳಿಯುತ್ತದೆ ಅಂದುಕೊಂಡಿದ್ದೆ, ಇಳಿಯಲಿಲ್ಲ.

ನಾನು ದೇವನಹಳ್ಳಿಯ ಹೈಸ್ಕೂಲಿನಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಅರವತ್ತರ ದಶಕದಲ್ಲಿ ದೊಡ್ಡಬೆಳವಂಗಲದ ಕಡೆಯ ಒಂದು ಒಕ್ಕಲು ಮನೆಗೆ ಸೊಸೆಯಾಗಿ ಬಂದೆ. ಸಾರಿಗೆ ಉಪ್ಪು ಹೆಚ್ಚಾದರೆ "ಸೈನ್ಸ್ ಓದವ್ಳೆ ಕಣಪ್ಪ" ಅನ್ನುತ್ತಿದ್ದ ಮಾವ. ಹಾಲು ಉಕ್ಕಿದರೂ ಸೈನ್ಸು, ಹಸು ಒದ್ದರೂ ಸೈನ್ಸು. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು. ಒಬ್ಬನೇ ಮಗನಾದ ನನ್ನ ಗಂಡ ಅಪ್ಪನೆದುರು ತಲೆ ಎತ್ತಿದವನೇ ಅಲ್ಲ.

ಮನೆ ಮುಂದಿನ ಗಟ್ಟಿ ನೆಲದಲ್ಲಿ ಹಗೇವು ಇತ್ತು. ರಾಗಿ ತುಂಬಿಡುವ ನೆಲದಡಿಯ ಗುಂಡಿ ಅದು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ರಾಗಿಗೆ ಹುಳ ಬೀಳುತ್ತಿರಲಿಲ್ಲ. ಭೂಮ್ತಾಯಿ ಕಾಯ್ತಾಳೆ ಅನ್ನುತ್ತಿದ್ದ ಮಾವ. ಭೂಮಿತಾಯಿಗೆ ಬೇರೆ ಕೆಲಸವಿಲ್ಲವೇ? ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಾಮೂಲಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ. ಹುಳ ಸಾಯುವುದು ಅದರಿಂದ. ಇಳಿದ ಮನುಷ್ಯನೂ ಕೂಗುವಷ್ಟು ಪುರುಸೊತ್ತಿಲ್ಲದೆ ಸಾಯುತ್ತಾನೆ.

ಊರಿನವರು ಹಗೇವು ತೆಗೆದರೆ ಮೊದಲು ಒಂದು ದಿನ ಬಾಯಿ ತೆರೆದು ಬಿಡುತ್ತಿದ್ದರು. ಆದರೆ ಅದು ಲೆವಿಯ ಕಾಲ. ಯಾರ ಮನೆಯಲ್ಲಿ ಎಷ್ಟು ಧಾನ್ಯ ಇದೆ ಎಂದು ನೋಡಿ ಸರ್ಕಾರದ ಪಾಲು ಹೊತ್ತುಕೊಂಡು ಹೋಗಲು ಅಧಿಕಾರಿಗಳು ಬರುತ್ತಿದ್ದರು. ತನ್ನ ರಾಗಿ ಯಾರ ಕಣ್ಣಿಗೂ ಬೀಳಬಾರದೆಂದು ಮಾವ ಒಂದು ದಿನ ಬೆಳಕು ಹರಿಯುವ ಮುಂಚೆಯೇ ಚಪ್ಪಡಿ ಸರಿಸಿದ. ಊರು ಏಳುವುದರೊಳಗೆ ಬೇಕಾದಷ್ಟು ತೆಗೆದು ಮುಚ್ಚಿಬಿಡಬೇಕು ಎನ್ನುವುದು ಆತನ ಲೆಕ್ಕ. ಹಿಂದಿನ ವರ್ಷವೇ ಅರ್ಧ ಖಾಲಿಯಾಗಿದ್ದ ಹಗೇವಿಗೆ ಯಾರಾದರೂ ಇಳಿದು ತುಂಬಿಕೊಡಬೇಕಿತ್ತು.

"ಇಳ್ಯೋ" ಅಂದ ಮಗನಿಗೆ.

ನನ್ನ ಗಂಡ ಪಂಚೆ ಎತ್ತಿ ಕಟ್ಟಿದ.

"ಮಾವ, ಮೊದ್ಲು ದೀಪ ಇಳಿಬಿಟ್ಟು ನೋಡಾನ" ಅಂದೆ. "ದೀಪ ಆರೋದ್ರೆ ಉಸ್ರಾಡಕ್ಕೆ ಗಾಳಿ ಇಲ್ಲ ಅಂತ ಅರ್ಥ."

"ಧಾನ್ಯಲಕ್ಷ್ಮಿ ಇರೋ ಜಾಗದಲ್ಲಿ ದೀಪ ಆರುಸ್ಬೇಕಾ ನಿಂಗೆ? ಈ ಮನೆ ಉದ್ಧಾರ ಆಗೋದು ಬ್ಯಾಡ್ವಾ?"

ನಾನು ಕೇಳಲಿಲ್ಲ. ಕೈಯಲ್ಲಿದ್ದ ಬುಡ್ಡಿ ದೀಪವನ್ನು ಬಕೆಟ್ಟಿನಲ್ಲಿಟ್ಟು ಹಗ್ಗದಲ್ಲಿ ಇಳಿಬಿಟ್ಟೆ. ಅರ್ಧಕ್ಕೆ ಹೋಗುವುದರೊಳಗೆ ಆರಿತು. ನಾಲ್ಕು ಜನರೂ ಬಗ್ಗಿ ನೋಡಿದೆವು. ಅತ್ತೆ ಹಣೆ ಚಚ್ಚಿಕೊಂಡಳು. ಮಾವ ನನ್ನ ಕೆನ್ನೆಗೆ ಬಾರಿಸಿದ.

"ದರಿದ್ರದ ಕೈ" ಅಂದ. ಮಗನ ಕಡೆ ತಿರುಗಿ, "ಹೆಂಡ್ತಿ ಮಾತು ಕೇಳ್ಕೊಂಡು ನಿಂತ್ಕೊಂಡಿದ್ದೀಯೇನೋ? ಇಳಿ" ಅಂದ.

ನನ್ನ ಗಂಡನಿಗೆ ಹೆದರಿಕೆಯಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಹಗ್ಗ ಹಿಡಿದು ಒಂದು ಕಾಲು ಒಳಗಿಟ್ಟ. ಅವನಿಗೆ ಅಪ್ಪನಿಗೆ ಎದುರಾಡುವುದಕ್ಕಿಂತ ಸಾಯುವುದೇ ಸಲೀಸು. ಆ ಗಳಿಗೆಯಲ್ಲಿ ಅಪ್ಪ ಮಗ ಇಬ್ಬರನ್ನೂ ದ್ವೇಷಿಸಿದೆ.

ಅವನ ರಟ್ಟೆ ಹಿಡಿದು ಎಳೆದೆ. ಹಗೇವಿನ ಬಾಯಿಗೆ ಅಡ್ಡಲಾಗಿ ಕೂತುಬಿಟ್ಟೆ.

"ನಾನು ಮುಟ್ಟಾಗಿದ್ದೀನಿ" ಅಂದೆ.

ಮುಟ್ಟಾಗಿರಲಿಲ್ಲ. ಆದರೆ ಆ ಮನೆಯಲ್ಲಿ ವಿಜ್ಞಾನಕ್ಕಿಲ್ಲದ ಬೆಲೆ ಮೈಲಿಗೆಗೆ ಇತ್ತು. ಮೂವರೂ ಹಾವು ತುಳಿದವರ ಹಾಗೆ ಹಿಂದೆ ಸರಿದರು. ಆಮೇಲೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಕೊಟ್ಟಿಗೆಯ ಪಕ್ಕದ ಚಪ್ಪರಕ್ಕೆ ಅಟ್ಟಿದರು, ತಟ್ಟೆ ದೂರದಿಂದ ತಳ್ಳಿದರು. ಮೈಲಿಗೆಯಾದ ಹಗೇವಿಗೆ ಮೂರು ದಿನ ಯಾರೂ ಇಳಿಯುವಂತಿರಲಿಲ್ಲ. ಚಪ್ಪಡಿ ಮುಚ್ಚಿದರೆ ಮೈಲಿಗೆ ಒಳಗೇ ಉಳಿಯುತ್ತದೆಂದು ಬಾಯಿಗೆ ಬರೀ ಬಿದಿರಿನ ತಡಿಕೆ ಮುಚ್ಚಿ, ಯಾರಿಗೂ ಕಾಣದ ಹಾಗೆ ಮೇಲೆ ಹುಲ್ಲು ಹರಡಿದರು.

ಮಾವ ಶುದ್ಧಿಗೆ ಶುರುಮಾಡಿದ. ಬೇವಿನ ಸೊಪ್ಪಿನ ದೊಡ್ಡ ಕಂತೆಯನ್ನು ಹಸುವಿನ ಗಂಜಲದಲ್ಲಿ ಅದ್ದಿ, ಹಗ್ಗಕ್ಕೆ ಕಟ್ಟಿ, ಮಗನ ಕೈಲಿ ಹಗೇವಿನೊಳಗೆ ಇಳಿಸಿ ಎತ್ತಿಸಿದ.

"ಮೂಲೆ ಮೂಲೆಗೂ ಸಿಡೀಬೇಕು ಕಣೋ, ಜೋರಾಗಿ ಆಡ್ಸು."

ನಾನು ಚಪ್ಪರದಲ್ಲಿ ಕೂತು ನೋಡುತ್ತಿದ್ದೆ. ಕಂತೆ ಇಳಿದು ಏಳುವಾಗೆಲ್ಲ ಒಳಗಿನ ಕೆಟ್ಟ ಗಾಳಿ ಕಲಕಿ ಮೇಲೆ ಬರುತ್ತದೆ, ಹೊರಗಿನದು ಒಳಗೆ ಹೋಗುತ್ತದೆ. ಮುದುಕ ತನಗೆ ಗೊತ್ತಿಲ್ಲದೆ ಸರಿಯಾದ ಕೆಲಸ ಮಾಡುತ್ತಿದ್ದ. ಸಂಜೆ ಕತ್ತಲಾದ ಮೇಲೆ, ಬೆಳಗ್ಗೆ ಊರು ಏಳುವ ಮುಂಚೆ ಬಿಡದೆ ಮಾಡಿಸಿದ.

ಮೂರು ದಿನ ಕಳೆದ ಮೇಲೆ ಆತನೇ ದೀಪ ಇಳಿಬಿಟ್ಟ. ತಳ ಮುಟ್ಟಿದರೂ ಉರಿಯುತ್ತಲೇ ಇತ್ತು.

"ನೋಡ್ದಾ? ಅವತ್ತು ಆರಿದ್ದು ಮುಟ್ಟಾದೋಳು ಮುಟ್ಟಿದ್ದುಕ್ಕೆ. ಗಂಜಲ ಬಿದ್ಮೇಲೆ ಹೆಂಗೆ ಉರೀತದೆ" ಅಂದ.

ನನ್ನ ಗಂಡ ಇಳಿದ, ರಾಗಿ ತುಂಬಿಕೊಟ್ಟ, ಮೈತುಂಬ ಧೂಳು ಮೆತ್ತಿಕೊಂಡು ಸೀನುತ್ತಾ ಮೇಲೆ ಬಂದ. ನನ್ನ ಕಡೆ ನೋಡಿ, "ಏನಾಯ್ತು ನಂಗೆ?" ಎಂದು ನಕ್ಕ. ಅತ್ತೆಯೂ ನಕ್ಕಳು. ನಾನು ಅವನ ಎದೆ ಏರಿಳಿಯುವುದನ್ನು ನೋಡುತ್ತಾ ನಿಂತಿದ್ದೆ.

ಅಲ್ಲಿಂದ ಅದು ಮನೆಯ ಕಟ್ಟಳೆಯಾಯಿತು. ಹಗೇವು ತೆಗೆದರೆ ಮೂರು ದಿನ ಬೇವಿನ ಕಂತೆ ಆಡಿಸಬೇಕು, ದೀಪ ಇಳಿಬಿಡಬೇಕು, ಸೊಸೆ ಆ ಕಡೆ ಸುಳಿಯಬಾರದು. ನೆಂಟರೂ ಕಲಿತುಕೊಂಡು ಹೋದರು. ಅವರಿಗೆಲ್ಲ ಮಾವ ನನ್ನ ಕಥೆಯನ್ನು ನನ್ನೆದುರೇ ಹೇಳುತ್ತಿದ್ದ.

ಎಪ್ಪತ್ತರ ದಶಕದಲ್ಲಿ ಆತ ತೀರಿಕೊಂಡ. ತಿಥಿ ಮುಗಿದ ಮೇಲೆ ಗಂಡನನ್ನು ಕೂರಿಸಿಕೊಂಡು ಹೇಳಿದೆ:

"ಅವತ್ತು ನಾನು ಮುಟ್ಟಾಗಿರ್ಲಿಲ್ಲ. ನೀವು ಇಳಿದಿದ್ರೆ ಸತ್ತೋಗ್ತಿದ್ರಿ. ಅದಕ್ಕೇ ಸುಳ್ಳು ಹೇಳ್ದೆ."

ಅವನು ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಅಪ್ಪಂಗೆ ಸುಳ್ಳು ಹೇಳ್ಬಾರ್ದಿತ್ತು ನೀನು" ಅಂದ.