ಬಚ್ಚಲಿಲ್ಲದ ಎಂಟು ಮನೆಗಳು

ಈ ಮಾತನ್ನು ಹೇಳದೆ ಬಹಳ ವರ್ಷ ಮುಂದೂಡಿದೆ. ಹೆಂಡತಿ ಇದ್ದಾಗ ಅವಳು ನಗುತ್ತಾಳೆಂದು ಹೇಳಲಿಲ್ಲ. ಅವಳು ಹೋದ ಮೇಲೆ, ಮಕ್ಕಳು ನಗುವುದಿಲ್ಲವೆಂದು ಹೇಳಲಿಲ್ಲ. ಬರೆದರೆ ಕೇಳುವವರ ಮುಖ ನೋಡುವ ಕಷ್ಟವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಮ್ಮೂರು ಅಕ್ಕಿಆಲೂರಿಗೆ ಹೋಗುವ ಗಾಡಿದಾರಿಯ ಮೇಲಿತ್ತು. ಒಂದು ಬೇಸಿಗೆ ಮಧ್ಯಾಹ್ನ ಯಾರದೋ ಬಣವೆಗೆ ಬೆಂಕಿ ಬಿದ್ದು, ದಾರಿಯ ಪಕ್ಕದ ಎಂಟು ಹುಲ್ಲುಮನೆಗಳು ಸುಟ್ಟುಹೋದವು. ಜನ, ದನ ಉಳಿದವು. ಎಂಟೂ ಸಂಸಾರಗಳು ಚಾವಡಿ ಸೇರಿದವು. ಅವರಲ್ಲಿ ಒಬ್ಬಳು ಸಂತೆಯಲ್ಲಿ ಮಜ್ಜಿಗೆ ಮಾರುವ ವಿಧವೆ. ಊರೆಲ್ಲ ಅವಳನ್ನು ಮಜ್ಜಿಗವ್ವ ಎನ್ನುತ್ತಿತ್ತು. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನ ಮರ್ಯಾದೆಯಿಂದ ಮಾಡಿ ಕಳಿಸದಿದ್ದರೆ ಹಿರೇಕೆರೂರಿನ ಬೀಗರ ಮುಂದೆ ತಲೆ ಎತ್ತುವಂತಿರಲಿಲ್ಲ. ಚಾವಡಿಯಲ್ಲೋ ಹಗಲೆಲ್ಲ ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು.

ಸರಕಾರದ ದಾರಿ ಕಾಯುವುದು ಬೇಡ, ಮಳೆಗೆ ಮೊದಲು ನಾವೇ ಹೆಂಚಿನ ಮನೆ ಕಟ್ಟಿಕೊಡೋಣ ಎಂದು ಹಿರಿಯರು ಗೊತ್ತುಮಾಡಿದರು. ಮನೆಗೊಂದು ಗಾಡಿ, ವಾರಕ್ಕೆರಡು ದಿನ ಒಂದು ಆಳು. ಆಡೂರಿನವರು ಬಿದಿರು ಕೊಟ್ಟರು. ಹತ್ತಿಮತ್ತೂರಿನಿಂದ ಎರಡು ಗಾಡಿ ಜೋಳ ಬಂತು. ನಕ್ಷೆ ಬರೆಯುವವರು? ಊರಿಗೆ ಮೆಟ್ರಿಕ್ ಪಾಸಾದವನು ನಾನೊಬ್ಬನೇ.

“ಇಂಗ್ಲೀಷ್ ಬರೋ ಹುಡುಗ ಇರೋತನಕ ನಮಗ್ಯಾತರ ಚಿಂತಿ?” ಎಂದರು ಊರಗೌಡರು.

ಇಂಗ್ಲೀಷಿಗೂ ಗೋಡೆಗೂ ಏನು ಸಂಬಂಧ ಎಂದು ಒಬ್ಬರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲೇ ಇಲ್ಲ. ಹತ್ತೊಂಬತ್ತು ವರ್ಷದ ನಾನು ಗಮನವಿಟ್ಟು ನೋಡಿದ್ದ ಕಟ್ಟಡ ಒಂದೇ, ನಾನು ಓದಿದ ಶಾಲೆ. ಅದನ್ನೂ ನೋಡಿದ್ದು ಮಾಸ್ತರು ಹೊರಗೆ ನಿಲ್ಲಿಸಿದಾಗ. ಹಾಗಾಗಿ ಶಾಲೆಯನ್ನೇ ಬರೆದೆ. ಒಂದೇ ಸಾಲಿನಲ್ಲಿ ಎಂಟು ಮನೆ, ಮುಂದೆ ಉದ್ದಕ್ಕೂ ಪಡಸಾಲೆ, ದಾರಿಗೆ ಮುಖ ಮಾಡಿದ ದೊಡ್ಡ ದೊಡ್ಡ ಕಿಟಕಿಗಳು. ಗೋಡೆ ಕಟ್ಟುವ ಗೌಂಡಿ ಕಾಗದವನ್ನು ತಿರುವಿ ತಿರುವಿ ನೋಡಿ, “ಗಂಟಿ ಎಲ್ಲಿ ತೂಗಹಾಕೂಣ್ರಿ ಸಾಹೇಬ್ರ?” ಎಂದ. ಅದನ್ನು ಹೊಗಳಿಕೆ ಎಂದುಕೊಂಡೆ.

ನಕ್ಷೆ ನೋಡಲು ಊರು ಸೇರಿದ್ದ ಸಭೆಯ ಹಿಂದಿನಿಂದ ಮಜ್ಜಿಗವ್ವ ಎದ್ದಳು. “ತಮ್ಮಾ, ಎಲ್ಲಾ ಚಲೋ ಐತಿ. ಬಚ್ಚಲಾ ಎಲ್ಲೈತಿ?”

ನಕ್ಷೆ ನೋಡಿದೆ. ಇರಲಿಲ್ಲ. ಶಾಲೆಯಲ್ಲಿ ಎಲ್ಲಿಯ ಬಚ್ಚಲು?

“ಹಳ್ಳ ಐತಲ್ಲ ಬೇ,” ಎಂದೆ.

“ಬಾಣಂತಿನ್ನ ಹಳ್ಳಕ್ಕ ಕಳಸ್ಲೇನು? ಹಿಂದ ಒಂದು ಬಾಗಲಾ ಇಟ್ಟು, ಒಂದು ಮಾರು ಗ್ವಾಡಿ ಏರಸ್ರಿ, ಸಾಕು.”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು, “ಓಣಿಗೆ ಓಣಿ ಸುಟ್ಟು ಕುಂತೈತಿ, ಈ ಮುದುಕಿಗೆ ಜಳಕದ ಚಿಂತಿ! ಈ ವಯಸ್ಸಿನಾಗ ನಿನ್ನ ಯಾರು ನೋಡ್ತಾರ ಬೇ?” ಎಂದುಬಿಟ್ಟೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಅವಳು ಕೇಳಿದ್ದು ಮಗಳ ಸಲುವಾಗಿ ಎಂಬುದು ಆ ನಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಕೂತಳು.

ಮಳೆಗೆ ಮೊದಲೇ ಮನೆಗಳು ಎದ್ದವು. ಮಜ್ಜಿಗವ್ವನಿಗೆ ಕಡೆಯ ಮನೆ ಸಿಕ್ಕಿತು. ಅಲ್ಲೇ ಮಗಳು ಗಂಡುಮಗು ಹೆತ್ತಳು.

ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹಾಕಬೇಕು. ಒಳಗೆ ಹಾಕಿದರೆ ಹೊಸ ಮಣ್ಣುಗೋಡೆ ನೆನೆದು ಕೂರುತ್ತದೆ. ಹಿಂದೆ ಹೋಗೋಣವೆಂದರೆ ಬಾಗಿಲಿಲ್ಲ. ಹುಡುಗರು ಓಡಿಹೋಗದಿರಲೆಂದು ನಾನು ಓದಿದ ಶಾಲೆಗೆ ಹಿಂಬಾಗಿಲು ಇಟ್ಟಿರಲಿಲ್ಲ, ನಾನೂ ಇಡಲಿಲ್ಲ. ಉಳಿದದ್ದು ಪಡಸಾಲೆ. ನಾಲ್ಕು ಹೆಂಗಸರು ಕೌದಿ ಹಿಡಿದು ಮರೆ ಮಾಡಿದರು. ಮಜ್ಜಿಗವ್ವ ಕೋಲು ಹಿಡಿದು ದಾರಿಯ ನಡುವೆ ನಿಂತಳು.

“ನಿಲ್ರಿ! ನೀರ ಹಾಕಾಕತ್ತೇವಿ. ಮುಗಿದ ಮ್ಯಾಲ ಕರೀತೇನಿ.”

ಸಂತೆಯ ದಿನ ಗಾಡಿಗಳ ಸಾಲು ಕೆರೆ ಏರಿಯವರೆಗೂ ನಿಂತಿತು.

“ಎಲಿ ಬಾಡಾಕತ್ತಾವ ಬೇ!” ಎಂದು ಸವಣೂರಿನ ವೀಳ್ಯದೆಲೆ ವ್ಯಾಪಾರಿ ಕೂಗಿದ.

“ಒಂದು ತಂಬಿಗಿ ನೀರ ಕೊಡ್ತೇನಿ, ನಿನ್ನ ಎಲಿಗೂ ಹಾಕ್ಕೊ. ಮದಲ ಆ ಕಡೆ ಮಾರಿ ಮಾಡು!”

ಗೌಡರೂ ಗಾಡಿ ಇಳಿದು ಬೇವಿನ ಮರಕ್ಕೆ ಮುಖ ಮಾಡಿ ನಿಂತಿದ್ದರು. ಪಕ್ಕದಲ್ಲಿ ನಾನು. ಮರದಿಂದ ಕಣ್ಣು ತೆಗೆಯದೆ ಕೇಳಿದರು: “ತಮ್ಮಾ, ಬಚ್ಚಲಕ್ಕ ಇಂಗ್ಲೀಷಿನ್ಯಾಗ ಏನಂತಾರ?”

ಆ ಸಾಲಿನಲ್ಲಿ ಮಗು ನೋಡಲು ಬಂದ ಬೀಗರ ಗಾಡಿಯೂ ಇತ್ತು. ಕೌದಿ ಕಂಡು ಅವರ ಮುಖ ಕಪ್ಪಿಟ್ಟಿತು. “ನಮ್ಮ ಸೊಸೀನ್ನ ದಾರ್ಯಾಗ ಕುಂದರಿಸಿ ಜಳಕಾ ಮಾಡಸ್ತೀರೇನು?” ಎಂದವರು, ಎಷ್ಟು ಬೇಡಿಕೊಂಡರೂ ಕೇಳದೆ, ಮಧ್ಯಾಹ್ನವೇ ಹಸಿ ಬಾಣಂತಿಯನ್ನೂ ಕೂಸನ್ನೂ ಗಾಡಿ ಹತ್ತಿಸಿಕೊಂಡು ಹೋದರು. ಎಂಟೂ ಮನೆಗೆ ಬಚ್ಚಲು ಕಟ್ಟಬೇಕೆಂದು ಸಭೆ ತೀರ್ಮಾನಿಸಿದ್ದು ಆ ಸಂಜೆ. ಗೌಂಡಿಗೆ ಜಾಗ ತೋರಿಸಿದವಳು ಮಜ್ಜಿಗವ್ವ, ಕಾಲಿನಿಂದ ಗೆರೆ ಎಳೆದು.

ಎಲ್ಲ ಮುಗಿದ ಮೇಲೆ ಊಟ ಹಾಕಿಸಿದರು. ಗೌಡರು ನನ್ನ ತಲೆಗೆ ರುಮಾಲು ಸುತ್ತಿ, “ಹಿಂದ ಬಚ್ಚಲಾ ಕಟ್ಟೋ ವಿಚಾರಾನೂ ನಮ್ಮ ಹುಡುಗಂದ,” ಎಂದು ಹೊರಊರಿನವರಿಗೆ ಹೇಳಿದರು. ಅಲ್ಲವೆನ್ನಲು ಬಾಯಿ ತೆರೆದೆ. ರುಮಾಲು ಜರಿ ಅಂಚಿನದು. ಬಾಯಿ ಮುಚ್ಚಿದೆ.

ಪಂಕ್ತಿಯಲ್ಲಿ ಅವಳೇ ಮಜ್ಜಿಗೆ ಬಡಿಸುತ್ತಿದ್ದಳು. ನನ್ನ ಎಲೆಯ ಮುಂದೆ ನಿಂತು, “ಇನ್ನಷ್ಟು ಹಾಕ್ಲೇನು ತಮ್ಮಾ?” ಎಂದಳು. ಹೂಂ ಎಂದೆ. ಆಮೇಲೆ ಅವಳು ಬಹಳ ವರ್ಷ ಬದುಕಿದ್ದಳು, ದಿನಾ ಎದುರಿಗೆ ಸಿಗುತ್ತಿದ್ದಳು, ನಾನು ಮಳೆ ಬೆಳೆ ಮಾತಾಡಿ ದಾಟುತ್ತಿದ್ದೆ. ಮಗಳು ಮತ್ತೆ ಹೆರಿಗೆಗೆ ತವರಿಗೆ ಬರಲಿಲ್ಲ, ಬೀಗರು ಕಳಿಸಲಿಲ್ಲ. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಹೇಳದೆಯೇ ಉಳಿದದ್ದು ಅವಳಿಗೆ, ಮಜ್ಜಿಗವ್ವನಿಗೆ.