ಕೇಳಿದವರಿಗೆ ಹ್ಯಾಂಡಲ್

ಮಾವನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಮಲಗಿರುತ್ತಿತ್ತು. ನೀರಿನ ಚೊಂಬು, ಛತ್ರಿಯ ಹಿಡಿ, ಬಸ್ಸಿನ ಕಂಬಿ, ಏನನ್ನು ಹಿಡಿದರೂ ಅದು ಸುತ್ತಿಕೊಂಡು ಎದುರಿಗೆ ಬರುತ್ತಿರಲಿಲ್ಲ. ಕಂಡವರು ಊನ ಅಂದುಕೊಳ್ಳುತ್ತಿದ್ದರು. ಊನವಲ್ಲ, ರೂಢಿ. ಹಳೆಯ ಡೀಸೆಲ್ ಇಂಜಿನ್ನನ್ನು ಕೈಯಿಂದ ತಿರುಗಿಸಿ ಶುರು ಮಾಡುವವರು ಹ್ಯಾಂಡಲ್ಲನ್ನು ಹಾಗೆಯೇ ಹಿಡಿಯಬೇಕು. ಇಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿಕೊಂಡಿದ್ದರೆ ಮುರಿಯುತ್ತದೆ.

ಅವರು ನನ್ನ ತಾಯಿಯ ತಮ್ಮ, ರಾಯದುರ್ಗದಲ್ಲಿ ವಿಮಾ ಏಜೆಂಟ್. ಮದುವೆಯಾಗಿರಲಿಲ್ಲ. ನಾನು ಹೈಸ್ಕೂಲಿನಿಂದ ಅವರ ಮನೆಯಲ್ಲಿ, ಅಜ್ಜಿಯ ಆರೈಕೆಯಲ್ಲಿ ಬೆಳೆದೆ. ನನ್ನನ್ನು 'ಯವ್ವಾ' ಎಂದು ಕರೆಯುತ್ತಿದ್ದರು. ಆ ಕರೆ ನನ್ನೊಬ್ಬಳದೇ ಎಂದು ಬಹಳ ಕಾಲ ನಂಬಿದ್ದೆ.

ಪಾಲಿಸಿ ಮಾತಾಡಲು ಬೊಮ್ಮನಹಾಳಿಗೆ ಹೋದಾಗ ಕಾಲುವೆ ಪಕ್ಕದ ಶೆಡ್ಡಿನಲ್ಲಿ ಒಂದು ಇಂಜಿನ್ ಅವರ ಕಣ್ಣಿಗೆ ಬಿತ್ತು. ಒಂದು ಕಾಲದಲ್ಲಿ ಗದ್ದೆಗೆ ನೀರೆತ್ತುತ್ತಿದ್ದದ್ದು. ಕರೆಂಟ್ ಮೋಟಾರು ಬಂದ ಮೇಲೆ ಅದರ ದೊಡ್ಡ ಚಕ್ರದ ಮರೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಗುಜರಿಗೆ ಹಾಕಬೇಕೆಂದಿದ್ದ ಆ ಮನೆಯ ಮುದುಕಿ, "ಕೋಳಿಗಿ ಬ್ಯಾರೆ ಜಾಗ ಮಾಡಿಕೊಟ್ಟು ಒಯ್ರಿ" ಎಂದರು. ಮಾವ ಭಾನುವಾರವೆಲ್ಲ ಕೂತು ತಾವೇ ಕೋಳಿಗೂಡು ಕಟ್ಟಿಕೊಟ್ಟು ಇಂಜಿನ್ ತಂದರು.

ಆಮೇಲೆ ಬೆಳುಗುಪ್ಪದಿಂದ ಒಬ್ಬರು, ಮಡಕಶಿರಾ ಕಡೆಯಿಂದ ಕೆಲವರು ತಮ್ಮಲ್ಲೂ ಇಂಥದೊಂದು ಇದೆ ಎಂದರು. ಹಳೆ ಇಂಜಿನ್ ಸಂಘ ಹುಟ್ಟಿದ್ದು ಹೀಗೆ. ವರ್ಷಕ್ಕೊಮ್ಮೆ ನಮ್ಮ ರಾಯದುರ್ಗದ ಕಡೆ, ಇನ್ನೊಮ್ಮೆ ಮಡಕಶಿರಾ ಕಡೆ ಸೇರುತ್ತಿದ್ದರು. ಎಲ್ಲರಿಗೂ ಫೋನ್ ಮಾಡುವುದು, ಬಂದವರಿಗೆ ಚಹಾ ಕೊಡುವುದು ನನ್ನ ಪಾಲಿಗೆ ಬಂತು. ಮಡಕಶಿರಾದವರು ಇಂಜಿನ್ನಿಗೆ ಹಸಿರು ಬಣ್ಣ ಹೊಡೆಸಿ ಹೊಳಪು ಮಾಡಿಕೊಂಡು ತರುತ್ತಿದ್ದರು. ನಮ್ಮವರಿಗೆ ಅದು ಸೇರುತ್ತಿರಲಿಲ್ಲ.

"ಏನ್ರಿ ಇದು, ಇಂಜಿನ್ನೋ ಮದುವಿ ಗಂಡೋ?" ಎಂದು ಬೆಳುಗುಪ್ಪದವರು ಕೆಣಕಿದರೆ, ಮಡಕಶಿರಾ ಗುಂಪಿನ ಅಗಳಿಯವರು, "ನಿಮ್ದು ಹಿಂಗೇ ತುಕ್ಕು ಹಿಡ್ಕೊಂಡಿದ್ರೆ ಹೆಣ್ಣು ಕೊಡೋಕೆ ಯಾರು ಬತ್ತಾರೆ?" ಎನ್ನುತ್ತಿದ್ದರು.

ಸಂಘಕ್ಕೆ ಒಂದೇ ಕಟ್ಟುಪಾಡು. ಮೊದಲ ಸಲ ಸೇರಿದಾಗ ಮಾವ ಅತಿಥಿ ಮರ್ಯಾದೆಯೆಂದು ಬೆಳುಗುಪ್ಪದವರ ಕೈಗೆ ತಮ್ಮ ಇಂಜಿನ್ನಿನ ಹ್ಯಾಂಡಲ್ ಕೊಟ್ಟು, "ನೀವ ಶುರು ಮಾಡ್ರಿ" ಎಂದು ಹೋಳಿಗೆ ಬಡಿಸುವವರ ಹಾಗೆ ಒತ್ತಾಯ ಮಾಡಿದ್ದರು. ಬೇಡ ಎನ್ನಲು ಅವರಿಗೆ ಸಂಕೋಚ. ತಮ್ಮ ಇಂಜಿನ್ನನ್ನು ಅವರು ಅದುವರೆಗೆ ಓಡಿಸಿಯೇ ಇರಲಿಲ್ಲ. ಹಿಡಿಯುವುದು ತಿಳಿಯದೆ ಹಿಡಿದರು, ಹೆಬ್ಬೆರಳು ಮುರಿಯಿತು. ಅಂದಿನಿಂದ ಯಾರೂ ಯಾರಿಗೂ ಹ್ಯಾಂಡಲ್ ನೀಡುವಂತಿಲ್ಲ. ಬೇಕಾದವರು ಬಾಯಿಬಿಟ್ಟು ಕೇಳಬೇಕು. ಕೇಳಿದವರಿಗೆ ಕೊಡಬೇಕು, ಕಲಿಸಲೂ ಬೇಕು.

ಅದು ಹೊರಗಿನವರಿಗೆ ಎಂದು ನಾನು ತಿಳಿದಿದ್ದೆ. ಮನೆಯವಳು ಕೇಳುವುದೇನಿದೆ? ಒಂದು ದಿನ ತಾವಾಗಿಯೇ ಕರೆಯುತ್ತಾರೆ ಎಂದು ಚಹಾದ ತಟ್ಟೆ ಹಿಡಿದುಕೊಂಡು ಕಾದೆ.

ಅಗಳಿಯ ಸದಸ್ಯರು ಒಮ್ಮೆ ಮಗಳನ್ನು ಕರೆತಂದರು. ನನಗಿಂತ ಸ್ವಲ್ಪ ದೊಡ್ಡವಳು. ತಂದೆಯ ಜೊತೆ ರೇಷ್ಮೆ ಹುಳು ಸಾಕುತ್ತಿದ್ದಳು. ಬಂದ ಅರ್ಧ ಗಂಟೆಯೊಳಗೆ, "ಸಾರ್, ಹ್ಯಾಂಡ್ಲು ಕೊಡಿ, ನಾನೂ ಒಂದ್ಸಲ ನೋಡ್ತೀನಿ" ಎಂದಳು. ಮಾವನ ಮುಖ ಅರಳಿತು. ಅವಳ ಹಿಂದೆ ನಿಂತು, "ಅವಸರ ಬ್ಯಾಡ ಯವ್ವಾ. ಮೊದಲು ಚಕ್ರಕ್ಕ ವೇಗ ಬರ್ಲಿ. ಆಮ್ಯಾಲ ಮ್ಯಾಲಿನ ಲಿವರ್ ಬೀಳ್ಸು, ಆವಾಗ ಇಂಜಿನ್ ಚಾಲೂ ಆಗ್ತೈತಿ" ಎಂದರು. ಇಂಜಿನ್ ಹೊಗೆಯುಗುಳಿ ಡುಗುಡುಗು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೇಳಿಸಿದ್ದು ಆ 'ಯವ್ವಾ' ಮಾತ್ರ.

ಆಮೇಲೆ ಪ್ರತಿ ಸಲವೂ ಅವಳೇ. ಅವಳು ಬರುವ ದಿನ ಮಾವ ಗಡ್ಡ ಕೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಬೀದಿ ಕಡೆ ಕಿವಿಯಿಟ್ಟು ಕೂರುತ್ತಿದ್ದರು. ನಾನು ಎಂ.ಎ. ಮುಗಿಸಿ ಊರಿಗೆ ಬಂದ ದಿನ ಹಾಗೆಯೇ ಕಾದಿದ್ದರೇ ಎಂದು ನೆನಪಿಸಿಕೊಳ್ಳಲು ನೋಡಿದೆ. ಕಾದಿದ್ದರು. ಬಸ್‌ ಸ್ಟ್ಯಾಂಡಿಗೇ ಬಂದಿದ್ದರು. ಅಷ್ಟು ನೆನಪಾದರೂ ಹೊಟ್ಟೆಯ ಉರಿ ಆರಲಿಲ್ಲ. ಅವಳ ಚಹಾಕ್ಕೆ ಬೇಕೆಂದೇ ಸಕ್ಕರೆ ಕಡಿಮೆ ಹಾಕುತ್ತಿದ್ದೆ. "ನಿಮ್ ಕೈ ಚಾ ಸ್ಟ್ರಾಂಗು" ಎಂದು ಅವಳು ಪೂರ್ತಿ ಕುಡಿಯುತ್ತಿದ್ದಳು.

ಮಾವನಿಗೆ ಯಕೃತ್ತಿನ ಕಾಯಿಲೆ ಎಂದು ಗೊತ್ತಾಗುವಾಗ ತಡವಾಗಿತ್ತು. ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ತಡೆಯಲಾರದೆ ಅಂದೆ: "ಅಗಳಿಯಾಕಿಗಿ ಎಷ್ಟು ಸಲ ಹ್ಯಾಂಡಲ್ ಕೊಟ್ರಿ, ಮಾಮ."

"ಆಕಿ ಕೇಳಿದ್ಲು."

"ನಾ ಮನಿಯಾಕಿ ಅಲ್ಲೇನು?"

"ಮನಿಯವ್ರ ಹೆಬ್ಬೆಟ್ಟು ಮುರಿಯಂಗಿಲ್ಲೇನು, ಯವ್ವಾ?"

ಅಷ್ಟು ಹೇಳಿ ನನ್ನನ್ನೇ ನೋಡುತ್ತ ಮಲಗಿದರು. ಆಗಲಾದರೂ ಕೇಳಬಹುದಿತ್ತು. ನಾನು ಹಾಲಿನ ಲೋಟ ತೊಳೆಯಲು ಎದ್ದೆ. ಆ ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟರು.

ಕಟ್ಟುಪಾಡಲ್ಲದಿದ್ದರೂ ಸಂಘದಲ್ಲಿ ಒಂದು ವಾಡಿಕೆಯಿತ್ತು: ಸದಸ್ಯರೊಬ್ಬರು ತೀರಿಕೊಂಡರೆ ಮುಂದಿನ ಸಲ ಅವರ ಇಂಜಿನ್ನೊಂದೇ ಓಡುತ್ತದೆ. ಅದನ್ನು ಕೊನೆಯ ಬಾರಿ ಶುರು ಮಾಡಿದವರೇ ಮತ್ತೆ ಶುರು ಮಾಡುತ್ತಾರೆ. ಆದ್ದರಿಂದ ಅಗಳಿಯವಳು ಹಿಂದಿನ ಸಂಜೆಯೇ ತಂದೆಯ ಜೊತೆ ನಮ್ಮ ಮನೆಗೆ ಬಂದಳು. ಅಡುಗೆಮನೆಯ ಗೂಟದಿಂದ ಹ್ಯಾಂಡಲ್ ಇಳಿಸಿ, ಜಗಲಿಯಲ್ಲಿ ಕೂತು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು. ನನಗೆ ಕೊಡುತ್ತೇನೆ ಎನ್ನಲಿಲ್ಲ. ಕಟ್ಟುಪಾಡಿನಂತೆ ಅವಳು ಹಾಗೆ ಹೇಳುವಂತಿರಲಿಲ್ಲ. ಅವಳು ಊಟಕ್ಕೆ ಕೂತು ನೀರಿನ ಲೋಟ ಎತ್ತಿದಾಗ ಅಜ್ಜಿ ರೊಟ್ಟಿ ಹಾಕುವುದನ್ನು ಬಿಟ್ಟು ಅವಳ ಕೈಯನ್ನೇ ನೋಡಿದರು.

"ಇಲ್ಲಿ ನೋಡೇ, ಈಕಿ ಹೆಬ್ಬೆಟ್ಟು ನನ್ನ ಮಗನ ಥರಾನ ಮಲಗೈತಿ."

ನಾನು ಒಳಗೆ ಹೋದೆ. ಒಲೆಯ ಮುಂದೆ ನಿಂತು ಒಂದು ಖಾಲಿ ಲೋಟವನ್ನು ಹಾಗೆ ಹಿಡಿದು ನೋಡಿದೆ. ಜಾರಿತು. ಮತ್ತೆ ಹಿಡಿದೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಎಲ್ಲರೂ ಸುತ್ತ ನಿಂತಿದ್ದರು. ಇಂಜಿನ್ನಿಗೆ ಮಾಲೆ ಹಾಕಿ ಆಗಿತ್ತು. ಅವಳು ಹ್ಯಾಂಡಲ್ ಹಿಡಿದು ಬಗ್ಗಿದಳು. ನಾನು ಚಹಾದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮುಂದೆ ಹೋದೆ.

"ಅಕ್ಕಾ, ಹ್ಯಾಂಡಲ್ ಕೊಡ್ರಿ."

ಅವಳು ತಕ್ಷಣ ಕೊಡಲಿಲ್ಲ. ಇಂಜಿನ್ ಕಡೆ ನೋಡಿದಳು. "ಇವತ್ತೇನಾ?"

"ಇವತ್ತ."

ಅವಳ ಮುಖದಲ್ಲಿ ಏನೋ ಬಿಗಿಯಿತು. ಅದು ಏನೆಂದು ನನ್ನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ತಿಳಿದಿರಲಾರದು. ಅದನ್ನು ಕಂಡು ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅವಳು ಹ್ಯಾಂಡಲ್ ನೀಡಿದಳು. ಹಿಡಿ ಅವಳ ಕೈಯಿಂದ ಬೆಚ್ಚಗಾಗಿತ್ತು.

ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೆ ತಂದು ತಿರುಗಿಸಿದೆ. ಚಕ್ರ ಭಾರವಾಗಿ ಸುತ್ತಿ ನಿಂತುಬಿಟ್ಟಿತು. ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಲಿವರ್‌ಗೆ ಚಾಚುವುದು ನನ್ನಿಂದ ಆಗಲಿಲ್ಲ. ಯಾರೂ ನೆರವಿಗೆ ಬರಲಿಲ್ಲ. ನಾನು ಕೇಳಿರಲಿಲ್ಲವಲ್ಲ.

"ಅಕ್ಕಾ, ಲಿವರ್ ನೀವು ಬೀಳಿಸ್ರಿ" ಎಂದು ಕೇಳಿದೆ.

ಅವಳು ಬಂದು ಲಿವರ್ ಮೇಲೆ ಕೈಯಿಟ್ಟಳು. ನಾನು ಮತ್ತೆ ತಿರುಗಿಸತೊಡಗಿದೆ.