ಮಾಬ್ಲನ ಬಿಗಿದ ಮುಖ

ಮಹಾಬಲೇಶ್ವರನನ್ನು ನಾನು ಮೊದಲು ಕಂಡದ್ದು ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ. ಆಗ ನಾನು ಅಮದಳ್ಳಿಯ ಶಾಲೆಗೆ ಹೊಸದಾಗಿ ಬಂದ ಮಾಸ್ತರ; ಅವನು ಕಂಡಕ್ಟರ. "ಎಲ್ಲಿಗೆ ಪಯಣ, ಗುರುವರ್ಯಾ?" ಎಂದು ರಾಜಕುಮಾರನ ಠೀವಿಯಲ್ಲಿ ಕೇಳಿ ಟಿಕೆಟು ಹರಿದ. ಹಿಂದಿನ ಸೀಟಿನಲ್ಲಿದ್ದ ಮೀನು ಮಾರುವ ಹೆಂಗಸು, "ಹೆದರ್ಬೇಡಿ ಮಾಸ್ತರೇ, ನಮ್ಮ ಮಾಬ್ಲ ನಾಟಕದ ಹೀರೋ" ಎಂದಳು.

ಅವನ ಊರಾದ ಹಾರವಾಡದಲ್ಲಿ ವರ್ಷಕ್ಕೊಮ್ಮೆ ಊರವರೇ ಆಡುವ ನಾಟಕಕ್ಕೆ ಮಾಬ್ಲನೇ ಖಾಯಂ ನಾಯಕ. ನೌಕರಿಯಿಂದ ನಿವೃತ್ತನಾದರೂ ನಾಯಕನ ಪಾತ್ರದಿಂದ ಆಗಲಿಲ್ಲ. ಆದರೆ ಗಲ್ಲ ಜೋತುಬಿದ್ದು, ಗದ್ದದ ಕೆಳಗೆ ಚರ್ಮ ಇಳಿಯಿತು. ಹೊರಗಿನಿಂದ ಕರೆಸಿದ ನಾಯಕಿ ತಾಲೀಮಿನಲ್ಲಿ ಅವನನ್ನು "ಮಾವಾ" ಎಂದುಬಿಟ್ಟಳು. ಮುಂದಿನ ಸಲ ತರುಣ ರೂಪೇಶನೇ ನಾಯಕನಾಗಲಿ ಎಂದು ನಾಟಕ ಸಂಘದವರು ಪಿಸುಗುಟ್ಟತೊಡಗಿದರು.

ಮಾಬ್ಲ ತೀರ್ಥಯಾತ್ರೆಯೆಂದು ಹೇಳಿ ಗೋವಾಕ್ಕೆ ಹೋದವನು, ಆಸ್ಪತ್ರೆಯೊಂದರಲ್ಲಿ ಮುಖದ ಚರ್ಮ ಎಳೆಸಿ ಹೊಲಿಸಿಕೊಂಡು ಬಂದ. ತಲೆಗೆ ಪಟ್ಟಿ, ಕಣ್ಣಿನ ಸುತ್ತ ನೀಲಿ ಬಾವು. "ಯಾವ ದೇವ್ರು ಹಿಂಗೆ ಹೊಡೀತು ನಿಮ್ಗೆ?" ಎಂದು ಹೆಂಡತಿ ಗಂಗೂ ಬಾಗಿಲಲ್ಲೇ ಕೇಳಿದಳು. ಬಾವು ಇಳಿದ ಮೇಲೆ ನೋಡಿದರೆ ಮುಖ ಚೆಂಡೆಯಂತೆ ಬಿಗಿ! ಸಂಘದವರು ಬೆರಗಾಗಿ ನಾಯಕನ ಪಾತ್ರವನ್ನು ಅವನಿಗೇ ಕೊಟ್ಟರು.

ನಾಟಕದಲ್ಲಿ ತಾಯಿ ಸಾಯುವ ದೃಶ್ಯ ಬಂತು. ಸೀರೆಯುಟ್ಟು ತಾಯಿಯಾಗಿದ್ದವನು ದಢೂತಿ ರಾಮನಾಥ. ಮಾಬ್ಲ "ಅವ್ವಾ!" ಎಂದು ಎದೆ ಬಿರಿಯುವಂತೆ ಕೂಗಿದ; ಕಣ್ಣೀರೂ ಹರಿಯಿತು. ಆದರೆ ಹುಬ್ಬು ಗಂಟಿಕ್ಕದು, ಗಲ್ಲ ಅಲುಗದು, ತುಟಿಯ ಅಂಚುಗಳು ಕಿವಿಯ ಕಡೆಗೇ. ಮದುವೆಯ ಊಟಕ್ಕೆ ಕುಳಿತವನ ಮುಖ! ಜನ ಬಿದ್ದು ಬಿದ್ದು ನಕ್ಕು, "ವನ್ಸ್ ಮೋರ್!" ಎಂದರು. ನಮ್ಮ ಕಡೆ ವನ್ಸ್ ಮೋರ್ ಬಿದ್ದರೆ ಆ ದೃಶ್ಯವನ್ನು ಮತ್ತೆ ಆಡಲೇಬೇಕು. ತಾಯಿ ಎದ್ದು ಮತ್ತೊಮ್ಮೆ ಸತ್ತಳು. ಪುನಃ ಜನರಿಂದ ಅದೇ ಕೂಗು. "ಇನ್ನೆಷ್ಟು ಸಲ ಸಾಯೂದು ಮಾರಾಯಾ, ಸೊಂಟ ಹೋಯ್ತು!" ಎಂದು ಹೆಣ ಗೊಣಗಿದ್ದು ಮೈಕಿನಲ್ಲಿ ಕೇಳಿತು. ನಾನಂತೂ ಕುರ್ಚಿಯಿಂದಲೇ ಜಾರಿದೆ.

ಪರದೆಯ ಹಿಂದೆ ಮಾಬ್ಲ ಮೂಲೆ ಹಿಡಿದು ಕುಳಿತಿದ್ದ. "ಮಾಸ್ತರೇ, ನನ್ನ ಹೀರೋ ಪಾರ್ಟು ಹೋಯ್ತಲ್ಲಾ" ಎಂದ. ಮುಖ ಆಗಲೂ ನಗುತ್ತಲೇ ಇತ್ತು.

"ಅಳೂದಾದ್ರೆ ಆ ಬದಿ ತಿರುಗಿ ಅಳಿ. ನಂಗೆ ನಗು ತಡೀಲಿಕ್ಕೆ ಆಗೂದಿಲ್ಲ" ಎಂದಳು ಅಲ್ಲಿಗೇ ಬಂದಿದ್ದ ಗಂಗೂ. ಅಷ್ಟಕ್ಕೆ ಅವನಿಗೂ ನಗು ಉಕ್ಕಿತು.

ಈಗ ನಾಯಕನ ಪಾತ್ರ ರೂಪೇಶನದು. ಮಾಬ್ಲ ಹಾಸ್ಯಕ್ಕೆ ಇಳಿದಿದ್ದಾನೆ. ಅಕ್ಕಪಕ್ಕದ ಊರಿನವರೂ ಅವನನ್ನು ಬಿಡುತ್ತಿಲ್ಲ. ಈ ವಾರ ಬೇಲೆಕೇರಿಯ ನಾಟಕಕ್ಕೆ ತಯಾರಿ ನಡೆದಿದೆ. ಹೆಂಡತಿಯಿಂದ ಬೈಸಿಕೊಳ್ಳುವ ಗಂಡನ ಪಾತ್ರ. ಅದರ ತಾಲೀಮನ್ನು ದಿನವೂ ಮನೆಯಲ್ಲಿ ಗಂಗೂ ಮಾಡಿಸುತ್ತಿದ್ದಾಳೆ.